ಮುತ್ಯಾನ ಪಾಲಿನ ಮೀಸೆ

ಅಪ್ಪನ ಮೀಸೆಯಲ್ಲಿ ತೂತು ಬಿದ್ದದ್ದನ್ನು ಮೊದಲು ಕಂಡವಳು ನಾನು. ಕಂಡೆನೇ ಹೊರತು ಯಾರಿಗೂ ಹೇಳಲಿಲ್ಲ. ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುವವಳು ಕಂಡದ್ದನ್ನೆಲ್ಲ ಹೇಳುತ್ತ ಹೋದರೆ ಜೋಳದಲ್ಲಿ ಕಲ್ಲು ಉಳಿದುಬಿಡುತ್ತವೆ.

ಎಡಗಡೆ, ಮೂಗಿನ ಹೊಳ್ಳೆಯ ಕೆಳಗೆ, ಅಂಗಿಯ ಗುಂಡಿಯಷ್ಟು ದುಂಡಗಿನ ಜಾಗ. ಗಾಯವಿಲ್ಲ, ತುರಿಕೆಯಿಲ್ಲ, ಹೊಟ್ಟಿಲ್ಲ. ಕೂಸಿನ ಕೆನ್ನೆಯಂತೆ ನುಣ್ಣಗಿತ್ತು. ಸುತ್ತಲೂ ಕಪ್ಪು ಪೊದೆ, ನಡುವೆ ಯಾರೋ ಕೂತೆದ್ದು ಹೋದಂಥ ಬಯಲು.

ಪುಣೆಯ ಭೋಸರಿಯಲ್ಲಿ ಶಿವಪುತ್ರಪ್ಪ ಅಂದರೆ ಅರ್ಧ ಮಂದಿಗೆ ಗೊತ್ತಾಗುತ್ತಿರಲಿಲ್ಲ. ಮೀಸೆಯ ಮುಕಾದಮ ಅಂದರೆ ಕಾರ್ಖಾನೆಗಳ ಗೇಟಿನವರಿಗೂ ಗೊತ್ತಾಗುತ್ತಿತ್ತು. ಶೆಡ್ಡು ಕಟ್ಟುವ, ಪಾಯ ತೋಡುವ ಕೆಲಸಕ್ಕೆ ನಮ್ಮ ಕಡೆಯ ಆಳುಗಳನ್ನು ಒಯ್ಯುವುದು ಅಪ್ಪನ ಉದ್ಯೋಗ. ಅವನಿಗೆ ಬೈಯಲು ಬರುತ್ತಿರಲಿಲ್ಲ. ಯಾರಾದರೂ ತಡವಾಗಿ ಬಂದರೆ ಮೀಸೆಯ ಬಲತುದಿಯನ್ನು ಒಂದು ಸಲ ತಿರುವುತ್ತಿದ್ದ. ಕುಡಿದು ಬಂದರೆ ಎರಡೂ ತುದಿ. ಅಷ್ಟರಲ್ಲೇ ಕೆಲಸ ಸಾಗುತ್ತಿತ್ತು. ಅಪ್ಪನ ಪರವಾಗಿ ಬೈಯುತ್ತಿದ್ದದ್ದು ಮೀಸೆ.

ಸ್ವಲ್ಪ ದಿನಕ್ಕೆ ಅವ್ವನ ಕಾಡಿಗೆ ಡಬ್ಬಿ ಬರಿದಾಗತೊಡಗಿತು.

"ಯಾರಿಗಿ ತೋರಸಲಿಕ್ಕ ಇಷ್ಟು ಕಾಡಿಗಿ ಹಚ್ಕೋತಿ?" ಎಂದು ಅವ್ವ ನನ್ನನ್ನು ಕೇಳಿದಳು. ನಾನು ಜೋಳದ ಕಡೆ ನೋಡಿದೆ. ಮಾತಾಡದ ಹುಡುಗಿಯರ ಮೇಲೆ ಸಂಶಯ ಬೇಗ ಕೂರುತ್ತದೆ. ನಾಲ್ಕು ದಿನ ಅವ್ವ ನನ್ನ ಕಣ್ಣನ್ನೇ ನೋಡಿದಳು. ಐದನೆಯ ದಿನ ಅಪ್ಪ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿದು, ಹೆಗಲ ಮೇಲಿನ ಟಾವೆಲಿನಿಂದ ಬಾಯಿ ಒರೆಸಿಕೊಂಡ. ಮೂಗಿನಿಂದ ಗದ್ದದ ತನಕ ಕಪ್ಪು ಗೆರೆ ಎಳೆದಂತಾಯಿತು. ಅವ್ವ ಟಾವೆಲು ನೋಡಿದಳು, ಡಬ್ಬಿ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

"ಹಿಂಗೇನು," ಎಂದಳು.

ಅವ್ವ, ಅಂದರೆ ಕಲ್ಲವ್ವ, ಒಂದು ನಿಮಿಷದಲ್ಲಿ ರೋಗ ಹೇಳಿ ಮುಗಿಸಿದಳು. "ಹುಳ ತಿಂದದ. ಪೂರಾ ತಕ್ಕೊಂಡುಬಿಡ್ರಿ. ಹೊಸಾದು ಬರ್ತದ."

"ಅಪ್ಪ ಅದಾನ," ಎಂದ ಅಪ್ಪ.

ಅಲ್ಲಿಗೆ ಮಾತು ನಿಂತಿತು. ನಮ್ಮ ಮಂದಿಯಲ್ಲಿ ಗಂಡಸು ಮೀಸೆ ಬೋಳಿಸುವುದು ಒಂದೇ ಕಾರಣಕ್ಕೆ, ಹೆತ್ತ ತಂದೆ ತೀರಿಕೊಂಡಾಗ. ಮೀಸೆ ಮಗನ ಮುಖದ ಮೇಲೆ ಬೆಳೆದರೂ ಅದು ತಂದೆಯ ಪಾಲಿನದು. ತಂದೆ ಇರುವಾಗಲೇ ತೆಗೆದರೆ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ ಹಾಗೆ.

ಆ ತಂದೆ ಹೊರಗೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ನಮ್ಮ ಮುತ್ಯಾ ಕಾಶಪ್ಪನಿಗೆ ಎಂಬತ್ತು ದಾಟಿತ್ತು. ಎರಡೂ ಕಣ್ಣಲ್ಲಿ ಪೊರೆ. ಮನುಷ್ಯರು ಕಾಣುತ್ತಿದ್ದರು, ಯಾವ ಮನುಷ್ಯರೆಂದು ಕಾಣುತ್ತಿರಲಿಲ್ಲ. ಆಪರೇಶನ್ ಮಾಡಿಸೋಣ ಎಂದರೆ, "ನೋಡಬೇಕಾದವರನ್ನೆಲ್ಲ ನೋಡೀನಿ. ಹೊಸಬರೇನು ಇವರಿಗಿಂತ ಛಂದ ಇರ್ತಾರೇನು?" ಎನ್ನುತ್ತಿದ್ದ. ಕಣ್ಣು ಹೋದಷ್ಟೂ ಮೂಗು ಚುರುಕಾಗಿತ್ತು.

ಹುಳಕ್ಕೆ ಖಾರ ತಾಗಿಸಬೇಕೆಂದು ಅವ್ವ ದಿನಾ ಸಂಜೆ ಅಪ್ಪನ ತುಟಿಯ ಮೇಲೆ ಬೆಳ್ಳುಳ್ಳಿ ತಿಕ್ಕಿದಳು, ಮರುವಾರ ಉಳ್ಳಾಗಡ್ಡಿ ತಿಕ್ಕಿದಳು. ಆಳುಗಳು ಅಪ್ಪನಿಂದ ದೂರ, ಗಾಳಿ ನೋಡಿಕೊಂಡು ನಿಲ್ಲತೊಡಗಿದರು. ಹೊರಗಿನಿಂದ ಮುತ್ಯಾ ಕೂಗುತ್ತಿದ್ದ, "ಕಲ್ಲವ್ವಾ, ಬೆಳ್ಳುಳ್ಳಿ ಖಾರ ಕುಟ್ಟಲತ್ತಿಯೇನು? ಘಮ್ ಅಂತದ."

"ಇಲ್ಲ ಮಾವಾ, ಬ್ಯಾಳಿ ಮಾಡೀನ್ರಿ."

"ದಿನಾ ವಾಸನಿ ಒಂದ, ತಾಟಿನಾಗ ಒಂದ. ಈ ಪುಣಾದಾಗ ಅಡಿಗಿನೂ ಸುಳ್ಳ ಹೇಳ್ತದ."

ಗುಂಡಿಯಷ್ಟಿದ್ದದ್ದು ಎಂಟಾಣೆಯಷ್ಟಾಯಿತು. ಕಾಡಿಗೆಯಿಂದ ಮುಚ್ಚುವ ಅಳತೆ ದಾಟಿತು. ಕೊನೆಗೆ ಚರ್ಮದ ಡಾಕ್ಟರರ ಹತ್ತಿರ ಹೋಗುವುದೆಂದಾಯಿತು. ಅವ್ವ ನನ್ನನ್ನೂ ಜೊತೆಗೆ ಕಳಿಸಿದಳು. "ಇವರು ಡಾಕ್ಟರ್ ಮುಂದ ಅರ್ಧಾ ಹೇಳ್ತಾರ, ಮನಿಗಿ ಬಂದು ಅರ್ಧಾ ಹೇಳ್ತಾರ. ನೀ ಹೋಗು. ಬಾಯಿ ತೆರೀಬ್ಯಾಡ, ಕಿವಿ ತೆರಿ."

ಡಾಕ್ಟರ್ ಮಧುಕರ ಅಕ್ಕಲಕೋಟೆಯ ಕಡೆಯವರು. ಅಪ್ಪನ ಮರಾಠಿ ಎರಡು ವಾಕ್ಯ ಕೇಳಿ ಕನ್ನಡಕ್ಕೆ ತಿರುಗಿದರು. ಭೂತಗನ್ನಡಿ ಹಿಡಿದು ತುಟಿ ನೋಡಿದರು, ತಲೆ ನೋಡಿದರು, ಉಗುರು ನೋಡಿದರು. ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯೇ ಎಂದು ಕೇಳಿದರು. ಅಪ್ಪ ಎಲ್ಲಕ್ಕೂ ಇಲ್ಲವೆಂದು, "ಹುಳ ಸತ್ತದೇನ್ರಿ ಸಾಹೇಬರ?" ಎಂದ.

"ಹುಳ ಇಲ್ಲೇ ಇಲ್ಲ. ಮುಕಾದಮರ, ನಿಮ್ಮ ಮೈಯಾಗ ಕಾವಲಿಗಿ ಮಂದಿ ಇರ್ತಾರ. ಹೊರಗಿನ ರೋಗ ಬಂದ್ರ ಬಡಿಯೋದು ಅವರ ಕೆಲಸ. ಅವರು ಈಗ ಕೂದಲದ ಬೇರನ್ನ ಕಳ್ಳ ಅಂತ ತಿಳಕೊಂಡಾರ."

ಅಪ್ಪನಿಗೆ ಇದು ತಟ್ಟನೆ ತಿಳಿಯಿತು. "ಗೇಟಿನ ವಾಚ್‌ಮನ್ ಮಾಲಕನ್ನೇ ಒಳಗ ಬಿಡವಲ್ಲ."

"ಬರೋಬ್ಬರಿ."

"ಅವನ್ನ ಬದಲಿ ಮಾಡ್ರಿ."

"ಬದಲಿ ಮಾಡ್ಲಿಕ್ಕ ಬರಂಗಿಲ್ಲ, ಅವ ಮನಿಯವನ. ಆ ಜಾಗದಾಗ ಅಷ್ಟ ಸ್ವಲ್ಪ ಮಲಗಿಸಬಹುದು."

"ಏನು ಕುಡಿಸಿ?"

ಡಾಕ್ಟರು ನಕ್ಕು, ಇರುವ ದಾರಿಗಳನ್ನು ಹೇಳಿದರು. ಇಷ್ಟು ಸಣ್ಣ ಜಾಗ ಬಹಳ ಸಲ ಕೆಲವು ತಿಂಗಳಲ್ಲಿ ತಾನಾಗಿ ತುಂಬುತ್ತದೆ, ಸುಮ್ಮನೆ ಕಾಯಬಹುದು. ಇಲ್ಲವಾದರೆ ತೆಳ್ಳಗೆ ಹಚ್ಚುವ ಮುಲಾಮು. ಅದಕ್ಕಿಂತ ಬೇಗ ಬೇಕಾದರೆ ಆ ಜಾಗಕ್ಕೇ ಸಣ್ಣ ಸೂಜಿಯಿಂದ ನಾಲ್ಕು ಹನಿ ಔಷಧ, ತಿಂಗಳಿಗೊಮ್ಮೆ. ಯಾವುದಕ್ಕೂ ಖಾತ್ರಿ ಇಲ್ಲ, ಬಂದದ್ದು ಮತ್ತೆ ಹೋಗಲೂಬಹುದು.

"ಆ ಹನಿ ಏನ್ರಿ?"

"ಸ್ಟಿರಾಯ್ಡ್."

ಭೋಸರಿಯ ಪೈಲ್ವಾನರ ನಡುವೆ ಇದ್ದವನಿಗೆ ಆ ಶಬ್ದ ಹೊಸದಲ್ಲ. ಅಪ್ಪನ ಕೈ ತನಗೇ ಗೊತ್ತಿಲ್ಲದಂತೆ ಮೀಸೆಯ ಬಲತುದಿಗೆ ಹೋಯಿತು. ಡಾಕ್ಟರು ತಡವಾಗಿ ಬಂದ ಆಳಾಗಿರಲಿಲ್ಲ, ಹೆದರಲಿಲ್ಲ.

"ನೀವು ಕೇಳಿದ್ದು ಗುಳಿಗಿ ಸುದ್ದಿ. ತಿಂಗಳಗಟ್ಲೆ ನುಂಗಿದ್ರ ಮುಖ ಊದತದ, ಸಕ್ಕರಿ ಏರತದ, ಎಲುಬು ಸವೀತದ. ಕೇಳದ ತಟ್ಟನೆ ಬಿಟ್ರೂ ತ್ರಾಸ ಆಗತದ. ಎಂಟಾಣೆ ಜಾಗಕ್ಕ ಆ ಗುಳಿಗಿ ನಾ ಕೊಡಂಗಿಲ್ಲ. ಸೂಜಿಯಿಂದ ಹೆಚ್ಚಂದ್ರ ಅಲ್ಲಿ ಒಂದು ಸಣ್ಣ ತಗ್ಗು ಬೀಳಬಹುದು. ಅದೂ ಭಾಳ ಸಲ ತುಂಬತದ."

ಅಪ್ಪ ತಗ್ಗು ಅನ್ನುವುದೊಂದನ್ನೇ ಕೇಳಿಸಿಕೊಂಡ. ಮುಲಾಮು ಸಾಕೆಂದ. ಮುಲಾಮಿನಲ್ಲಿಯೂ ಸೌಮ್ಯವಾಗಿ ಅದೇ ಇದೆ ಎಂದು ಡಾಕ್ಟರು ಪ್ರಾಮಾಣಿಕವಾಗಿ ಹೇಳಿದ್ದರಿಂದ ಅದನ್ನೂ ಕೊಂಡು ತಂದು, ಹಚ್ಚದೆ, ದೇವರ ಗೂಡಿನಲ್ಲಿಟ್ಟ. ದೇವರು ಕಾಯಲಿ ಎಂದೋ, ದೇವರನ್ನು ಬಿಟ್ಟು ಯಾರೂ ಮುಟ್ಟದಿರಲಿ ಎಂದೋ ನನಗೆ ತಿಳಿಯಲಿಲ್ಲ.

ಸಂಜೆ ಪಕ್ಕದ ಖೋಲಿಯ ಕಾಂತಪ್ಪ ಬಂದ. ಸೆಂಟ್ರಿಂಗ್ ಕೆಲಸದವನು, ಎಲ್ಲ ರೋಗಗಳಿಗೂ ಅವನಿಗೊಬ್ಬ ನೆಂಟನಿದ್ದ.

"ಸ್ಟಿರಾಯ್ಡಾ? ನಮ್ಮ ಭಾವಗ ದಮ್ಮಿಗಿ ಕೊಟ್ಟಿದ್ರು. ಮಾರಿ ಕುಂಬಳಕಾಯಿ ಆತು. ಊರಿಗಿ ಹೋದ್ರ ಹೆಂಡ್ತಿ ಬಾಗಿಲಾ ತೆರೀಲಿಲ್ಲ."

"ಮತ್ತ ದಮ್ಮು?" ಎಂದಳು ಅವ್ವ.

"ದಮ್ಮು ಹೋತು."

"ಹಂಗಾದ್ರ ಛಲೋ ಆತಲ್ಲ."

"ಮಾರಿ?" ಎಂದ ಕಾಂತಪ್ಪ. "ಶಿವಪುತ್ರಣ್ಣಾ, ನನ್ನ ಹಂತೇಕ ಒಂದು ಮುಲಾಮ ಅದ. ಮೊಣಕೈ ಮ್ಯಾಲ ಪದರ ಏಳ್ತಿತ್ತಲ್ಲ, ಅದಕ್ಕ ಕೊಟ್ಟಿದ್ರು. ಸ್ಟಿರಾಯ್ಡ್ ಇಲ್ಲ ಏನಿಲ್ಲ. ಅರ್ಧಾ ತಾಸು ಹಚ್ಚೋದು, ತೊಳಿಯೋದು. ನನ್ನ ಮೊಣಕೈ ನೋಡು, ಕನ್ನಡಿ ಆಗ್ಯಾದ."

ಮೊಣಕೈಯ ಔಷಧಿ ಮುಖಕ್ಕೆ ಯಾಕೆ ಎಂದು ನನ್ನ ಬಾಯಿಗೆ ಬಂದಿತ್ತು. ನಾಲ್ಕು ಮಂದಿಯ ನಡುವೆ ನನ್ನ ಮಾತು ಹೊರಡುವುದು ತಡ. ಅದು ಹೊರಡುವಷ್ಟರಲ್ಲಿ ಕಾಂತಪ್ಪ ಟ್ಯೂಬು ತಂದು ಕೊಟ್ಟು, ಚಹಾ ಕುಡಿದು, ಎದ್ದು ಹೋಗಿದ್ದ.

ಅಪ್ಪ ಸ್ಲ್ಯಾಬು ಹಾಕಿಸುವವನು. ಸಿಮೆಂಟಿಗೆ ಎಷ್ಟು ದಿನ ನೀರು ಹೊಡೆದರೆ ಅಷ್ಟು ಗಟ್ಟಿ ಎಂಬುದು ಅವನ ಜೀವನದ ಪಾಠ. ಅರ್ಧ ತಾಸಿಗೆ ಮೊಣಕೈ ಕನ್ನಡಿಯಾಗುವುದಾದರೆ ಇಡೀ ರಾತ್ರಿಗೆ ಮೀಸೆ ಏನಾಗಬೇಡ ಎಂದು ಲೆಕ್ಕ ಹಾಕಿ, ಗೋಡೆಗೆ ಗಿಲಾಯಿ ಮಾಡಿದಂತೆ ದಪ್ಪಗೆ ಹಚ್ಚಿಕೊಂಡು ಮಲಗಿದ.

ಬೆಳಿಗ್ಗೆ ತಲೆದಿಂಬು ಕಂದು ಬಣ್ಣ. ಅಪ್ಪನ ಮೇಲ್ದುಟಿ ಬದನೆಕಾಯಿ. ನೀರುಗುಳ್ಳೆ ಎದ್ದು, ಒಡೆದು, ಮೀಸೆಯ ಕೂದಲೆಲ್ಲ ಅದಕ್ಕೆ ಅಂಟಿಕೊಂಡಿತ್ತು.

"ಯಾಕೋ ಶಿವ್ಯಾ, ಮಾತು ದಪ್ಪ ಆಗ್ಯಾವು?" ಎಂದ ಮುತ್ಯಾ ಕಟ್ಟೆಯಿಂದ.

"ಹಲ್ಲ ನೋಯಲತ್ತಾದ ಯಪ್ಪಾ."

"ಯಾವ ಹಲ್ಲ?"

"ಎಲ್ಲಾ."

ದವಾಖಾನೆಯಲ್ಲಿ ಡಾಕ್ಟರು ತುಟಿ ನೋಡಿ, "ನಾ ಕೊಟ್ಟ ಮುಲಾಮಿಗೆ ಹಿಂಗ ಆಗಂಗಿಲ್ಲ. ಏನು ಹಚ್ಚಿರಿ?" ಎಂದರು.

"ನೀವು ಕೊಟ್ಟದ್ದ ಹಚ್ಚಿನ್ರಿ," ಎಂದ ಅಪ್ಪ.

ಡಾಕ್ಟರು ನನ್ನ ಕಡೆ ನೋಡಿದರು. ಬಾಯಿ ತೆರೆಯಬೇಡ ಎಂದು ಅವ್ವ ಹೇಳಿದ್ದಳು. ನಾನು ಬಾಯಿ ತೆರೆಯಲಿಲ್ಲ. ಚೀಲ ತೆರೆದು ಕಾಂತಪ್ಪನ ಟ್ಯೂಬನ್ನು ಮೇಜಿನ ಮೇಲಿಟ್ಟೆ. ಅಪ್ಪ ನನ್ನನ್ನು ನೋಡಿ ಮೀಸೆ ತಿರುವಲು ಕೈ ಎತ್ತಿದ. ತುಟಿ ಮುಟ್ಟಲಾಗದೆ ಕೈ ಗಾಳಿಯಲ್ಲೇ ನಿಂತಿತು.

"ಇದು ಸುಡೋ ಔಷಧ. ಮಾರಿಗಿ ನಾವು ಕೊಡೋದ ಇಲ್ಲ," ಎಂದರು ಡಾಕ್ಟರು. "ಈಗ ಗಾಯ ತೊಳೀಬೇಕು. ಕೂದಲ ಅಂಟಿದ್ರ ಕೀವು ಆಗತದ. ಪೂರಾ ತೆಗೀಬೇಕು."

"ನಮ್ಮಪ್ಪ ಇನ್ನಾ ಅದಾನ್ರಿ."

ಅಕ್ಕಲಕೋಟೆಯವರಾದ್ದರಿಂದ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಇದು ದವಾಖಾನಿ ಲೆಕ್ಕಕ್ಕ ಹೋಗ್ತದ, ನಿಮ್ಮ ಮನಿ ಲೆಕ್ಕಕ್ಕ ಬರಂಗಿಲ್ಲ," ಎಂದರು. ಅಪ್ಪ ಕಣ್ಣು ಮುಚ್ಚಿಕೊಂಡ. ಕಂಪೌಂಡರ ಮೊದಲು ಕತ್ತರಿಯಿಂದ ಕತ್ತರಿಸಿ, ಆಮೇಲೆ ಬ್ಲೇಡಿನಿಂದ ಮೆಲ್ಲಗೆ ತೆಗೆದ. ಕಣ್ಣು ಬಿಟ್ಟಾಗ ಅಲ್ಲಿ ಬೇರೆ ಯಾರೋ ಕೂತಿದ್ದರು. ನನ್ನ ಅಪ್ಪನಿಗೆ ಇಷ್ಟು ಮೆತ್ತನೆಯ ಬಾಯಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅವನು ಯಾಕೆ ಬೈಯಲಾರ ಎಂಬುದು ಅವತ್ತು ತಿಳಿಯಿತು.

ಟಾವೆಲು ಮುಖಕ್ಕೆ ಸುತ್ತಿಕೊಂಡು ಹೊರಟ. ನಾಸಿಕ ಫಾಟಾದ ಕೂಡುರಸ್ತೆಯಲ್ಲಿ ಬಾಯಾರಿಕೆಯಾಗಿ ಕಬ್ಬಿನಹಾಲಿನ ಗಾಡಿಯ ಹತ್ತಿರ ಟಾವೆಲು ತೆಗೆದು ತಲೆಗೆ ಹಾಕಿಕೊಂಡ. ಗಾಯದ ಉರಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎದುರಿಗೆ ಕಲಬುರಗಿಯ ಕಡೆ ಹೋಗುವ ಬಸ್ಸು ಬಂದು ಒಂದು ಗಳಿಗೆ ನಿಂತಿತು. ಕಿಟಕಿಯಲ್ಲಿ ಹುಸೇನಪ್ಪ.

ಹುಸೇನಪ್ಪ ನಮ್ಮೂರಿನವನೇ. ಭೋಸರಿಯಲ್ಲಿ ನಮ್ಮ ಮಂದಿಗೆಲ್ಲ ಕ್ಷೌರ ಮಾಡುವವನು. ನಮ್ಮ ಮನೆತನದ ಹುಟ್ಟಿಗೂ ಸಾವಿಗೂ ಅವನ ಮನೆತನದ ಕತ್ತಿಯೇ ಆಗಬೇಕು, ಅದು ಅವನ ಅಜ್ಜನ ಕಾಲದ ಹಕ್ಕು. ಅಳಿಯನ ಮನೆಯ ಮದುವೆಗೆ ಹೊರಟವನು ಕಿಟಕಿಯಿಂದ ಅಪ್ಪನ ಬೋಳು ತುಟಿ ನೋಡಿದ, ತಲೆಯ ಮೇಲಿನ ಟಾವೆಲು ನೋಡಿದ, ಕಣ್ಣೀರು ನೋಡಿದ. ಏನೋ ಕೂಗಿದ. ಬಸ್ಸು ಹೊರಟುಹೋಯಿತು. ಅವನ ಮುಖದಲ್ಲಿ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಅದು ನನಗೆ ಆಗ ಅರ್ಥವಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅರ್ಥವಾಯಿತು. ನಮ್ಮ ಗಲ್ಲಿಯ ಬಾಯಿಗೆ ಒಂದು ಟ್ರ್ಯಾಕ್ಸ್ ಗಾಡಿ ಬಂದು ನಿಂತು, ಒಳಗಿನಿಂದ ಅಳು ಇಳಿಯತೊಡಗಿತು. ಮೊದಲು ಅಳು, ಅದರ ಹಿಂದೆ ಮಂದಿ. ಎಲ್ಲರಿಗಿಂತ ಮುಂದೆ ಅಪ್ಪನ ಅಕ್ಕ ತಿಪ್ಪವ್ವತ್ತಿ, ಸೆರಗು ನೆಲಕ್ಕೆ ಬಿಟ್ಟು ಓಡಿ ಬಂದಳು. ಹಿಂದೆ ದೊಡ್ಡಪ್ಪ ಅವ್ವಣ್ಣ, ಅವನ ಹಿಂದೆ ಕತ್ತಿಯ ಚೀಲ ಹಿಡಿದ ಹುಸೇನಪ್ಪ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಎಲ್ಲರ ಕೈಯಲ್ಲೂ ಬುತ್ತಿ ಗಂಟು.

ಮುತ್ಯಾ ನಳದ ಹತ್ತಿರ ಕಂಬಳಿ ಹೊದ್ದು ಕೂತು ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದ. ತಿಪ್ಪವ್ವತ್ತಿ ಅವನನ್ನು ಸವರಿಕೊಂಡೇ ದಾಟಿ ಬಂದು, ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿ, ಹೊಸ್ತಿಲ ಮೇಲೆ ಬಿದ್ದಳು.

ನಾನು ಹೇಳಬೇಕೆಂದುಕೊಂಡೆ. ಅಪ್ಪನೂ ಬಾಯಿ ತೆರೆದ. ಅಳುವ ಹೆಂಗಸರ ನಡುವೆ ಮಾತು ತೂರಿಸುವುದು ಗಿರಣಿಯಲ್ಲಿ ಕತೆ ಹೇಳಿದಂತೆ.

ಮುತ್ಯಾ ಕಡ್ಡಿ ಬಿಸಾಡಿ, ಬಾಯಿ ಮುಕ್ಕಳಿಸಿ, ಕೋಲೂರಿಕೊಂಡು ಬಂದ. ಗಲ್ಲಿಯಲ್ಲಿ ಯಾರಿಗೋ ಕೆಟ್ಟದ್ದಾಗಿದೆ, ಹೋಗಿ ಕೂರದಿದ್ದರೆ ಹೇಗೆ. ಅತ್ತು ಅತ್ತು ದನಿ ಬಿದ್ದ ಹೆಂಗಸಿನ ಪಕ್ಕ ರೀತಿ ಪ್ರಕಾರ ಕುಳಿತ.

"ಯಾರು ಹೋದ್ರವ್ವಾ?"

"ನಮ್ಮಪ್ಪ ಹೋದೋ ಯಣ್ಣಾ," ಎಂದಳು ಅತ್ತೆ, ಮೊಣಕಾಲಲ್ಲಿ ಮುಖ ಹುದುಗಿಸಿ.

"ಪಾಪ. ವಯಸ್ಸಾಗಿತ್ತೇನು?"

"ಎಂಬತ್ತು ದಾಟಿತ್ತೋ ಯಣ್ಣಾ."

"ಹಂಗಾದ್ರ ಛಲೋ ಸಾವು. ಮಲಕೊಂಡಿದ್ನೋ, ತಿರುಗಾಡ್ತಿದ್ನೋ?"

"ನಾ ಕಡೀಗಿ ಮಾರಿನೂ ನೋಡ್ಲಿಲ್ಲೋ ಯಣ್ಣಾ."

"ಯಾವೂರವ್ವಾ ನಿಮ್ಮದು?" ಎಂದು ಮುತ್ಯಾ ಅವಳ ಬೆನ್ನು ಸವರಿದ.

ಅತ್ತೆ ಊರ ಹೆಸರು ಹೇಳಲು ಮುಖ ಎತ್ತಿದಳು. ಹೇಳಲಿಲ್ಲ. ಅವಳ ಅಳು ನಳ ಬಂದ್ ಮಾಡಿದಂತೆ ನಿಂತಿತು. ಅವಳದು ನಿಂತದ್ದು ನೋಡಿ ಉಳಿದವರದೂ ಒಂದೊಂದಾಗಿ ನಿಂತಿತು. ಕೊನೆಗೆ ಹಿಂದೆ ನಿಂತ ಒಬ್ಬಾಕೆ ಮಾತ್ರ ಸ್ವಲ್ಪ ಹೊತ್ತು ಅಳುತ್ತಿದ್ದಳು, ಆಕೆಗೆ ಏನೂ ಕಂಡಿರಲಿಲ್ಲ.

"ಯಪ್ಪಾ," ಎಂದಳು ಅತ್ತೆ.

"ಯಾರು, ತಿಪ್ಪಿ? ನೀ ಯಾವಾಗ ಬಂದಿ? ಯಾರ ಅಪ್ಪ ಸತ್ತಾನ?"

ಎಲ್ಲರೂ ಹುಸೇನಪ್ಪನ ಕಡೆ ತಿರುಗಿದರು. ಹುಸೇನಪ್ಪ ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡ. "ಮೀಸಿ ಇದ್ದಿಲ್ರಿ. ನಾ ಕಣ್ಣಾರೆ ನೋಡೀನಿ. ಮುತ್ಯಾ ಹೋಗ್ಯಾನ, ನನ್ನ ಬಿಟ್ಟು ಬ್ಯಾರೆಯವನ ಕಡಿಂದ ಮಾಡಸ್ಯಾರ ಅಂತ ಹೊಟ್ಟಿ ಉರೀತು. ಅದಕ್ಕ ಮದಿವಿ ಬಿಟ್ಟು ಊರಿಗಿ ಹೋಗಿ ಹೇಳಿನಿ."

ಅವ್ವ ಒಳಗಿನಿಂದ ಬಂದು, ಕಾಡಿಗೆಯಿಂದ ಹಿಡಿದು ಕಾಂತಪ್ಪನ ಮೊಣಕೈಯ ತನಕ ಎಲ್ಲವನ್ನೂ ಹೇಳಿದಳು. ಕೇಳಿದ ಅವ್ವಣ್ಣ ದೊಡ್ಡಪ್ಪ ನಗಲಿಲ್ಲ. "ರೋಗ ಇರಲಿ ಏನರ ಇರಲಿ. ಬದುಕಿದ್ದ ತಂದಿಗಿ ಮೀಸಿ ತೆಗದಂಗ ಆತು. ಛಲೋ ಅಲ್ಲ ಇದು," ಎಂದ.

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಮುತ್ಯಾ ಅವನನ್ನು ಹತ್ತಿರ ಕರೆದ. ಕೈಚಾಚಿ ತುಟಿಯ ಮೇಲೆ ಬೆರಳಾಡಿಸಿದ, ಗಾಯದ ಜಾಗ ಬಿಟ್ಟು, ಮೆಲ್ಲಗೆ.

"ಶಿವ್ಯಾ, ನನ್ನ ಪಾಲಿಂದು ಮೊದಲೇ ಖರ್ಚ ಮಾಡಿದಿ. ನಾಳಿ ನಾ ಹೋದ್ರ ಏನ್ ತೆಗೀತಿ? ಖಾಲಿ ಕೈಲೆ ಕಳಸ್ತಿಯೇನು ನನ್ನ?"

ಅಪ್ಪನ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲ ಉರಿಗಲ್ಲ. "ಬರಸ್ತೀನಿ ಯಪ್ಪಾ. ಸೂಜಿ ಅದ ಅಂದಾರ ಡಾಕ್ಟರು. ಮಾಡಿಸ್ಕೋತೀನಿ."

"ಹಂಗಾದ್ರ ಕೇಳ್ರಿ," ಎಂದು ಮುತ್ಯಾ ಎಲ್ಲರಿಗೂ ಹೇಳಿದ, "ಇವನ ಮೀಸಿ ಪೂರಾ ಬರೂತನಕ ನಾ ಸಾಯಂಗಿಲ್ಲ. ಆಮ್ಯಾಲ ನನ್ನ ಮರ್ಜಿ. ಈಗ ಬುತ್ತಿ ಬಿಚ್ಚರಿ, ಹಸಿವಾಗ್ಯಾದ."

ಗಂಟುಗಳಲ್ಲಿ ರೊಟ್ಟಿ, ಶೇಂಗಾ ಹಿಂಡಿ, ನಿಜವಾದ ಬೆಳ್ಳುಳ್ಳಿ ಖಾರ. ತನ್ನ ಸಾವಿನ ಊಟವನ್ನು ಮುತ್ಯಾ ಎರಡು ಸಲ ಹಾಕಿಸಿಕೊಂಡು ಉಂಡ. "ಸತ್ತ ಮ್ಯಾಲ ಇದು ಸಿಗಂಗಿಲ್ಲ ನೋಡು," ಎಂದ.

ಗಾಯ ಮಾಯ್ದ ಮೇಲೆ ಅಪ್ಪ ಸೂಜಿಗೆ ಹೋದ. ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದ. ಕಬ್ಬಿಣದ ಸಳಿ ಬಗ್ಗಿಸುವ ಕೈ ಅದು, ನನ್ನ ಬಳೆ ಎರಡು ಒಡೆದವು. ಮೂರನೆಯ ಸಲಕ್ಕೆ ನಾನು ಬಳೆ ತೆಗೆದಿಟ್ಟೇ ಹೋದೆ. ಮುಖ ಕುಂಬಳಕಾಯಿಯಾಗಲಿಲ್ಲ. ಆದರೂ ಕಾಂತಪ್ಪ ದಿನಾ ಬಂದು, "ಸ್ವಲ್ಪ ಉಬ್ಬಿದಂಗ ಕಾಣ್ತದ," ಎಂದು ಹೋಗುತ್ತಿದ್ದ.

ಉಳಿದ ಮೀಸೆ ಬೇಗ ಬಂತು. ದುಂಡಗಿನ ಜಾಗ ಮಾತ್ರ ಹಟ ಹಿಡಿದು ಕೂತಿತ್ತು. ಕೆಲವು ತಿಂಗಳಾದ ಮೇಲೆ ಅಲ್ಲಿ ಬೆಳ್ಳಗೆ ನಾಲ್ಕು ಎಳೆ ಕಂಡವು. ಮೊದಲು ಬಿಳಿ ಬರುತ್ತದೆ, ಬರಬರುತ್ತ ಕಪ್ಪಾಗಬಹುದು ಎಂದು ಡಾಕ್ಟರು ಹೇಳಿದರು. ಅಪ್ಪ ಅವತ್ತು ಗಲ್ಲಿಗೆಲ್ಲ ತೋರಿಸಿ ಬಂದ. ಮುತ್ಯಾನ ಬೆರಳು ಹಿಡಿದು ಅಲ್ಲಿ ಮುಟ್ಟಿಸಿದ.

"ಬಂತೇನು? ಯಾವ ಬಣ್ಣ?"

"ಬೆಳ್ಳಗದ ಯಪ್ಪಾ, ನಿಂದರಂಗ."

"ನಂದು ಅಂದ ಮ್ಯಾಲ ನಂದರಂಗನ ಬರಬೇಕಲ್ಲ," ಎಂದು ಮುತ್ಯಾ ಸಂತೋಷಪಟ್ಟ. "ಹಂಗಾದ್ರ ಹತ್ತಿರ ಬಂತು."

ಆ ವಾರದಿಂದ ಮುತ್ಯಾ ತಯಾರಿ ಶುರು ಮಾಡಿದ. ಅಳುಮೋರೆಯಿಲ್ಲ. ಊರಿಗೆ ಹೊರಟವನು ಗಂಟು ಕಟ್ಟುವ ಹಾಗೆ. ಬಿಳಿ ಧೋತರ ಒಗೆದಿಡಲು ಅವ್ವನಿಗೆ ಹೇಳಿದ. ಎಸ್‌ಟಿಡಿ ಬೂತಿಗೆ ಹೋಗಿ ತಿಪ್ಪವ್ವತ್ತಿಗೆ, "ಈ ಸಲ ಬಂದ್ರ ಖರೇ ಅಳಬೇಕಾಗ್ತದ, ದನಿ ಉಳಿಸ್ಕೋ," ಎಂದ. ಐವತ್ತು ವರ್ಷ ಸೊಂಟಕ್ಕಿದ್ದ ಎಲೆ ಅಡಿಕೆಯ ಸಂಚಿಯನ್ನು ಬಿಚ್ಚಿ ಕಾಂತಪ್ಪನಿಗೆ ಕೊಟ್ಟುಬಿಟ್ಟ. ಕೊಟ್ಟದ್ದನ್ನು ಅಪ್ಪ ನೋಡಿದ. ರಾತ್ರಿ ಊಟದ ತಾಟಿನಲ್ಲಿ ರೊಟ್ಟಿ ಮುರಿದು ಹಾಗೇ ಬಿಟ್ಟ.

ಮಾರನೆಯ ದಿನದಿಂದ ಅಪ್ಪ ಬಿಳಿ ಕೂದಲಿನ ಸುದ್ದಿ ಎತ್ತಲಿಲ್ಲ. ಮುತ್ಯಾ ಕೇಳಿದರೆ, "ಮತ್ತ ಉದುರಿದವು ಯಪ್ಪಾ," ಎನ್ನುತ್ತಿದ್ದ. ಅವ್ವ ಔಷಧಿಗೆ ಬೈದಳು. ನಾನು ಬೈಯಲಿಲ್ಲ. ನಸುಕಿನಲ್ಲಿ ಅಪ್ಪ ಕಿಟಕಿಗೆ ಕನ್ನಡಿ ಆನಿಸಿ, ನನ್ನ ದಾರ ಕತ್ತರಿಸುವ ಸಣ್ಣ ಕತ್ತರಿ ಹಿಡಿದು, ತುಟಿ ಉಬ್ಬಿಸಿ ಬಿಳಿ ಎಳೆಗಳನ್ನು ಕತ್ತರಿಸುವುದನ್ನು ನಾನು ಹಾಸಿಗೆಯಿಂದಲೇ ನೋಡಿದ್ದೆ.

ಸೂಜಿಯ ದಿನ ಅಪ್ಪ ಬರುವುದಿಲ್ಲವೆಂದ. ಅವ್ವ ತಳ್ಳಿ ಕಳಿಸಿದಳು. ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ರೋಗದಾಗ ಮುರದ ಕೂದಲ ಬುಡಕ್ಕ ಸಣ್ಣಗಾಗಿರ್ತಾವು. ಇವು ಬುಡದಿಂದ ಗಟ್ಟಿ ಅದಾವು, ತುದಿ ಸಪಾಟ. ಮುಕಾದಮರ, ಇವು ಉದುರಿಲ್ಲ. ಯಾರೋ ಕೊಯ್ದಾರ."

ಅಪ್ಪ ನನ್ನ ಕಡೆ ನೋಡಿದ. ನನ್ನ ಚೀಲದಲ್ಲಿ ಈ ಸಲ ಏನೂ ಇರಲಿಲ್ಲ. ಮೇಜಿನ ಮೇಲೆ ಬರಿಗೈ ಇಟ್ಟುಕೊಂಡು ಕೂತೆ.

"ಅದು ಪೂರಾ ಬಂತಂದ್ರ ನಮ್ಮಪ್ಪ ಹೋಗ್ತೀನಿ ಅಂತಾನ್ರಿ," ಎಂದ ಅಪ್ಪ, ಮೆಲ್ಲಗೆ. "ಅವ ಅಂದಂಗ ಮಾಡೋ ಮನಿಶಾ. ಸಂಚಿನೂ ಕೊಟ್ಟುಬಿಟ್ಟಾನ."

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿ ಇಟ್ಟುಬಿಟ್ಟರು. "ಹಂಗಾದ್ರ ಔಷಧ ತನ್ನ ಕೆಲಸ ಮಾಡ್ಯಾದ. ಬಂದ ಜಾಗಕ್ಕ ಮತ್ತ ಚುಚ್ಚಿದ್ರ ಸುಮ್ಮನ ತಗ್ಗು ಬೀಳ್ತದ. ಇನ್ನ ಬರಬ್ಯಾಡ್ರಿ. ಮತ್ತೆಲ್ಲರ ಹೊಸಾ ಜಾಗ ಬಿದ್ರ ಬರ್ರಿ." ನಾವು ಏಳುವಾಗ, "ಕತ್ತರಿ ಸ್ವಚ್ಛ ಇಟ್ಕೋರಿ," ಎಂದರು.

ಮರುದಿನ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗಿದ್ದ. ನಾನು ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮುತ್ಯಾ ಕಟ್ಟೆಯ ಮೇಲೆ ಕೂತು ಬರಿಬಾಯಿ ಆಡಿಸುತ್ತಿದ್ದ. ಸೊಂಟಕ್ಕೆ ಆಗಾಗ ಕೈ ಹೋಗುತ್ತಿತ್ತು, ಸಂಚಿ ಇಲ್ಲದ್ದು ನೆನಪಾಗಿ ಕೈ ಹಿಂದೆ ಬರುತ್ತಿತ್ತು.

"ರೇಣೂ," ಎಂದ. "ನಿಮ್ಮಪ್ಪ ಒಂದ ಹೇಳ್ತಾನ, ನಿಮ್ಮವ್ವ ಒಂದ ಹೇಳ್ತಾಳ. ನೀ ಮಾತಾಡಂಗಿಲ್ಲ, ಆದ್ರ ನೋಡ್ತಿ. ನೀ ಹೇಳು. ಶಿವ್ಯಾನ ಮೀಸಿ ಬಂತೇನು?"

ಮೊರದಲ್ಲಿದ್ದ ಜೋಳವನ್ನು ಒಂದು ಸಲ ಕೇರಿದೆ. ಕಲ್ಲು ಒಂದು ಕಡೆ ಬಂತು, ಕಾಳು ಒಂದು ಕಡೆ ಉಳಿಯಿತು.

"ಇಲ್ಲ ಮುತ್ಯಾ," ಎಂದೆ. "ಇನ್ನಾ ಭಾಳ ದಿನ ಹಿಡೀತದ."

ಮುತ್ಯಾ ಪೊರೆಗಣ್ಣುಗಳನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ಕಾಲು ಮಡಚಿ, ಕಂಬಳಿ ಸರಿಪಡಿಸಿಕೊಂಡು, ಗೋಡೆಗೆ ಚೆನ್ನಾಗಿ ಆತು ಕೂತ.

"ಹಂಗಾದ್ರ ಕಾಂತ್ಯಾನ ಮನಿಗಿ ಹೋಗಿ ನನ್ನ ಸಂಚಿ ಇಸ್ಕೊಂಡ ಬಾ," ಎಂದ. "ಲಗೂನ ಹೋಗು. ಅವ ಅಡಿಕಿ ಎಲ್ಲಾ ತಿಂದ ಮುಗಸ್ತಾನ."